ಬದುವಿನ ಮೇಲೆ ಬಿಟ್ಟ ಬೂಟು

ಅಸೂಟಿಯ ಬೇವಿನ ನೆರಳಿನಲ್ಲಿ ಮಲಗಿರುವ ಕಾಕಾ,

"ಈ ಕಾಲದಾಗ ಯಾರ ಪತ್ರಾ ಬರೀತಾರ್ರಿ ಅಕ್ಕೋರ?" ಎಂದು ನೀವು ಇದನ್ನು ನೋಡಿದ ಕೂಡಲೇ ಕೇಳುತ್ತೀರಿ, ಗೊತ್ತಿದೆ. ಇನ್ನೇನು ಮಾಡಲಿ? ಫೋನು ಹಚ್ಚಿದರೆ ನೀವು ಬದುಕಿದ್ದಾಗಲೇ ಎತ್ತುತ್ತಿರಲಿಲ್ಲ. ಹೋದ ಬುಧವಾರ ನಿಮ್ಮ ಹೊಲದಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿಮಗೆ ಹೇಳುವ ತನಕ ನನಗೆ ಸಮಾಧಾನವಿಲ್ಲ. ಜೊತೆಗೆ ಒಂದು ವರ್ಷದ ಹಿಂದೆ ನಿಮ್ಮ ಮುಂದೆ ಆಡಿದ ಒಂದು ಮಾತನ್ನು ಸರಿಪಡಿಸುವುದೂ ಇದೆ. ಆದರೆ ನಿಮ್ಮ ಹಾಗೆ ಬಂದವಳೇ ಚೆಂಡಿಗೆ ಕೋಲು ಬೀಸುವವಳಲ್ಲ ನಾನು. ಮೊದಲು ಕಾಲೂರಿ ನಿಲ್ಲಬೇಕು, ಆಮೇಲೆ ಹೊಡೆಯಬೇಕು. ಎಷ್ಟು ಸಲ ಹೇಳಿದ್ದೆ ನಿಮಗೆ? ಹಾಗಾಗಿ ಮೊದಲಿನಿಂದ ಕೇಳಿ.

ನೀವು ಮೊದಲ ಸಲ ಬಂದ ದಿನ ರೋಣದಲ್ಲಿ ಸಂತೆ ಇರಲಿಲ್ಲ, ಪೇಟೆ ಖಾಲಿ ಇತ್ತು. ಹಳೆಯ ಅರಳೆ ಗಿರಣಿಯ ಹಿಂದಿನ ಬಯಲಿನಲ್ಲಿ ನಾನು ಒಬ್ಬಳೇ ಗಾಲ್ಫ್ ಚೆಂಡು ಹೊಡೆಯುತ್ತಿದ್ದೆ. ಮೆಣಸಗಿಯ ಕಡೆಯಿಂದ ತರಿಸಿದ ಮೀನಿನ ಬಲೆಯನ್ನು ನಾಲ್ಕು ಕಂಬಕ್ಕೆ ಕಟ್ಟಿದ್ದೆನಲ್ಲ, ಅದಕ್ಕೆ ಚೆಂಡು ಬಡಿದು ಬೀಳುವುದನ್ನು ನೀವು ಗೇಟಿನ ಹೊರಗೆ ಕೊಡೆ ಊರಿಕೊಂಡು ನೋಡುತ್ತ ನಿಂತಿರಿ. ಅರ್ಧ ತಾಸು ಆಯಿತು. ಯಾರೋ ಅಡತಿ ಅಂಗಡಿಗೆ ದಾರಿ ಕೇಳಲು ಬಂದವರು ಎಂದುಕೊಂಡೆ.

"ಬಾಯಾರ, ಈ ಚೆಂಡ ಹೊಡದ್ರ ಎಷ್ಟ ದೂರ ಹೋಗ್ತೈತಿ?" ಎಂದು ಕೇಳಿದಿರಿ.

"ಅದು ಹೊಡಿಯೋರ ಮ್ಯಾಲೆ ಐತ್ರಿ. ನಾ ಹೊಡದ್ರ ಬಸ್ ಸ್ಟ್ಯಾಂಡಿನ ತನಕ ಹೋಗ್ತೈತಿ."

"ಒಂದ ಹಳ್ಳಾ ದಾಟತೈತೇನು?"

"ಯಾವ ಹಳ್ಳಾರಿ?"

ನೀವು ಆಕಾಶ ನೋಡಿದಿರಿ. "ಯಾವದರ ಒಂದ ಹಳ್ಳಾ," ಎಂದು ಕೊಡೆ ಬಿಚ್ಚಿ ಹೊರಟೇಬಿಟ್ಟಿರಿ. ಮರುವಾರ ಹಸಿ ಕಡಲೆ ಗಿಡದ ಒಂದು ಸೂಡು ಹೆಗಲ ಮೇಲೆ ಹೊತ್ತುಕೊಂಡು ಬಂದು, "ಕಲಸ್ತೀರೇನ್ರಿ ಅಕ್ಕೋರ?" ಎಂದಿರಿ. ಅರವತ್ತೆಂಟು ವರ್ಷದ ಮನುಷ್ಯ ನನಗೆ, ಶಾಲೆಯ ಟೀಚರಿಗೆ ಅನ್ನುವ ಹಾಗೆ, ಅಕ್ಕೋರ ಎಂದದ್ದು ಅದೇ ಮೊದಲು.

ಆಗ ನನ್ನ ಪರಿಸ್ಥಿತಿ ನಿಮಗೆ ಪೂರ್ತಿ ಗೊತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಹಾಕಿ ಆಡಿ, ಅದರ ದೆಸೆಯಿಂದ ಪುಣೆ ಸೇರಿ, ಅಲ್ಲಿನ ಗಾಲ್ಫ್ ಮೈದಾನವೊಂದರಲ್ಲಿ ಎಂಟು ವರ್ಷ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುತ್ತ, ಸಂಜೆ ಕಾರ್ಖಾನೆಯಲ್ಲಿ ಕೋಲು ಕತ್ತರಿಸಿ ಜೋಡಿಸುವುದನ್ನು ಕಲಿತವಳು ನಾನು. ಗಂಡನಿಗೆ ರೋಣದ ಕಾಲೇಜಿಗೆ ವರ್ಗವಾಯಿತು, ಹುಟ್ಟಿದೂರಿಗೇ ಬಂದೆ. "ರೋಣದಾಗ ಗಾಲ್ಫ್ ಕಲಸ್ತೀಯಾ? ಕುರುಡಗ ಕನ್ನಡಿ ತೋರಿಸಿದಂಗ ಆತು," ಎಂದು ನನ್ನ ಅತ್ತೆಯೇ ನಕ್ಕಿದ್ದರು. ಬರುತ್ತಿದ್ದವರು ಮೂವರು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿಕೊಳ್ಳುವ ಇಬ್ಬರು ಎಂಜಿನಿಯರು, ನರಗುಂದದ ಒಬ್ಬ ಹಲ್ಲಿನ ಡಾಕ್ಟರು. ಮೂವರೂ ಬೇರೆ ಊರಿನಲ್ಲಿ ಆಟ ನೋಡಿದವರು. ಆಟವನ್ನು ನೋಡೇ ಇಲ್ಲದ, ಹೊಲ ಬಿಟ್ಟು ಬೇರೆ ಮೈದಾನ ತುಳಿಯದ ಒಬ್ಬ ಗೌಡರು ತಾವಾಗಿ ಬಂದು ಕಲಿಸು ಅಂದರೆ... ನಿಜ ಹೇಳುತ್ತೇನೆ, ಅಂದು ಸಂಜೆ ಅತ್ತೆಯ ಮುಂದೆ ಆ ಕಡಲೆ ಸೂಡು ಇಟ್ಟು ಎರಡು ಸಲ ಹೇಳಿದೆ, "ನನ್ನ ಶಿಷ್ಯರು ಕೊಟ್ಟದ್ದು" ಅಂತ.

ಅಳತೆ ತೆಗೆದುಕೊಂಡ ದಿನ ನೆನಪಿದೆಯೇ? ಗಾಲ್ಫ್ ಕೋಲು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಅಂಗಿಯ ಹಾಗೆ ಮೈಗೆ ಹೊಂದಬೇಕು ಎಂದು ನಾನು ಹೇಳಿದಾಗ ನೀವು ತಲೆಯಾಡಿಸಿದಿರಿ. "ಅದು ಗೊತ್ತೈತಿ ಬಿಡ್ರಿ. ನಮ್ಮೂರ ಬಡಿಗ್ಯಾ ಕುರ್ಪಿ ಹಿಡಿಕಿ ಸೈತ ಕೈ ನೋಡೇ ಹಾಕ್ತಾನ." ನನ್ನ ಪುಣೆಯ ಗುರುಗಳು ಆರು ತಿಂಗಳು ಹೇಳಿದ್ದನ್ನು ನೀವು ಒಂದು ಮಾತಿನಲ್ಲಿ ಮುಗಿಸಿದಿರಿ. ಆದರೆ ಬೂಟಿನ ವಿಷಯಕ್ಕೆ ನಾನು ಸಡಿಲ ಬಿಡಲಿಲ್ಲ. ಬೂಟು ಹಾಕಿಕೊಂಡೇ ನಿಲ್ಲಬೇಕು, ಮಣಿಕಟ್ಟಿನಿಂದ ನೆಲದ ತನಕ ಅಳೆಯಬೇಕು, ಇದು ನಿಯಮ. ಅದಕ್ಕಾಗಿ ಗಜೇಂದ್ರಗಡದ ಪೇಟೆಯಲ್ಲಿ ಅಡ್ಡಾಡಿ ದಪ್ಪ ಅಟ್ಟೆಯ ಬೂಟು ಕೊಂಡೆವು. ಮದುವೆಯಲ್ಲಿ ಹಾಕಿದ್ದೇ ಕೊನೆ ಎಂದು ನೀವು ಅಂಗಡಿಯವನಿಗೂ ಹೇಳಿದಿರಿ, ರಿಕ್ಷಾದವನಿಗೂ ಹೇಳಿದಿರಿ. ನಾನು ಟೇಪು ಹಿಡಿದು ಬರೆದುಕೊಂಡೆ, ಏಳನೇ ನಂಬರಿನ ಕಬ್ಬಿಣದ ಕೋಲನ್ನು ನಿಮ್ಮ ಅಳತೆಗೆ ಕತ್ತರಿಸಿ, ನಿಮ್ಮ ಅಗಲವಾದ ಅಂಗೈಗೆ ಒಪ್ಪುವ ಹಾಗೆ ಹಿಡಿಕೆಗೆ ಎರಡು ಸುತ್ತು ಹೆಚ್ಚು ಸುತ್ತಿದೆ.

ರೋಣದ ಬಯಲಿನಲ್ಲಿ ನೀವು ಎಷ್ಟು ಚಲೋ ಕಲಿತಿರಿ ಕಾಕಾ. ನಾಲ್ಕು ತಿಂಗಳಿಗೆ ಬಲೆಯ ನಡುವೆ ಕಟ್ಟಿದ ಕೆಂಪು ಬಟ್ಟೆಗೆ ಹತ್ತರಲ್ಲಿ ಆರು ಚೆಂಡು ಹೊಡೆಯುತ್ತಿದ್ದಿರಿ. ಪ್ರತಿ ಚೆಂಡಿನ ಮೇಲೂ ಗೋಣಿಚೀಲಕ್ಕೆ ಗುರುತು ಹಾಕುವ ನೀಲಿ ಮಸಿಯಿಂದ 'ವೀ' ಎಂದು ಬರೆದಿದ್ದಿರಿ. "ಅಡತ್ಯಾಗ ಚೀಲ ಅದಲಿ ಬದಲಿ ಆಗಬಾರದಂತ ಹಾಕ್ತೀವಲ್ರಿ, ಹಂಗ," ಎಂದಿರಿ. ವೀರನಗೌಡ ಎಂದು ಪೂರ್ತಿ ಬರೆಯಲು ಚೆಂಡು ಸಾಲುತ್ತಿರಲಿಲ್ಲ. ಕೊಯ್ಲು, ಬಿತ್ತಿಗೆ ಎಂದು ನಡುನಡುವೆ ಮಾಯವಾಗುತ್ತಿದ್ದಿರಿ, ಮತ್ತೆ ಬರುತ್ತಿದ್ದಿರಿ. ಮಳೆಗಾಲ ಮುಗಿದ ಮೇಲೆ ಒಂದು ಬುಧವಾರ ಕೇಳಿದಿರಿ, "ಇನ್ನ ನಮ್ಮ ಹೊಲಕ್ಕ ಬರ್ರಿ ಅಕ್ಕೋರ. ಕೋಲ ಅಲ್ಲಿ ಬೀಸಬೇಕಾಗೈತಿ."

ಅಸೂಟಿಯ ನಿಮ್ಮ ಹೊಲಕ್ಕೆ ನಾನು ಮೊದಲು ಬಂದ ಬೆಳಿಗ್ಗೆ ನೀಲಮ್ಮ ಕಾಕು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದರು. ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ಬೇವಿನ ಪಕ್ಕ ಒಂದು ಪಟ್ಟಿ ಬೀಳು ಬಿಟ್ಟಿದ್ದಿರಿ, ಎದುರಿಗೆ ಜಾಲಿ ತುಂಬಿದ ಹಳ್ಳ, ಅದರಾಚೆ ಕುಸುಬಿ ಬಿತ್ತಿದ ಹೊಲ. ಆಚೆ ದಂಡೆಗೆ ನೂರು ಹೆಜ್ಜೆಯ ಮೇಲೆ ಸ್ವಲ್ಪ.

"ಅದು ಯಾರ ಹೊಲಾರಿ?" ಎಂದೆ.

"ನಮ್ಮ ಶಂಕ್ರಂದು. ನನ್ನ ತಮ್ಮಂದು."

ಅಷ್ಟು ಹೇಳಿ ನೀವು ರೊಟ್ಟಿ ಮುರಿದಿರಿ. ಉಳಿದದ್ದನ್ನು ಕಾಕು ಹೇಳಿದರು. ಹನ್ನೊಂದು ವರ್ಷದ ಹಿಂದೆ ಪಾಲಾಗುವಾಗ ಮನೆಯ ಜೋಡಿ ಎತ್ತನ್ನು ಇಬ್ಬರಿಗೂ ಒಂದೊಂದು ಎಂದಿರಿ ನೀವು. ಜೋಡಿ ಅಗಲಿಸಬೇಡ, ಎರಡೂ ನೀನೇ ಇಟ್ಟುಕೋ ಎಂದರು ತಮ್ಮ. ದಾನ ಕೊಡುವುದಕ್ಕೆ ನೀನ್ಯಾರು ಎಂದಿರಿ ನೀವು. ಅಲ್ಲಿಂದ ಮಾತಿಗೆ ಮಾತು ಬೆಳೆದು, ಇಬ್ಬರೂ ಮಣ್ಣು ಮುಟ್ಟಿ ಆಣೆ ಮಾಡಿದಿರಿ, ಒಬ್ಬರ ಹೊಲದಲ್ಲಿ ಇನ್ನೊಬ್ಬರು ಕಾಲಿಡುವುದಿಲ್ಲ ಎಂದು. ಮಣ್ಣಿನ ಆಣೆ ಮುರಿಯುವ ಮನೆತನವಲ್ಲ ನಿಮ್ಮದು. ಮಾತೂ ನಿಂತಿತು.

"ಹಂಗಾರ ಚೆಂಡ್ಯಾಕ ಆ ಕಡೆ ಹೊಡೀತೀರಿ?" ಎಂದು ನಾನು ಕೇಳಿದೆ.

ನೀವು ಹಿಂಡಿ ಬೆರಳಿನಲ್ಲಿ ಹಚ್ಚಿಕೊಂಡು ಬಹಳ ಯೋಚನೆ ಮಾಡಿದವರ ಹಾಗೆ ಹೇಳಿದಿರಿ. "ಕಾಲ ಇಡೂದಿಲ್ಲ ಅಂತ ಆಣಿ ಮಾಡೇನಿ ಅಕ್ಕೋರ. ಚೆಂಡ ಇಡೂದಿಲ್ಲ ಅಂತ ಎಲ್ಲೆ ಅಂದೇನಿ?" ಕಾಕು ಸೆರಗು ಬಾಯಿಗಿಟ್ಟು ನಕ್ಕರು. ನಾನೂ ನಕ್ಕೆ. ನೀವು ಮಾತ್ರ ನಗಲಿಲ್ಲ. "ಜೋಡಿ ಬಗ್ಗೆ ಅಂವ ಅಂದದ್ದು ಸರಿ ಇತ್ತು. ಹೇಳೂದು ಹ್ಯಾಂಗ? ಒಂದ ಚೆಂಡ ಹೋಗಿ ಬಿದ್ರ ತಿಳೀತೈತಿ ಅಂವಗ, ಅಣ್ಣ ಕಳಿಸ್ಯಾನ ಅಂತ." ನನಗೆ ನಗು ನಿಂತುಹೋಯಿತು. ಒಂದು ಕೋಲನ್ನು ಇಷ್ಟು ದೊಡ್ಡ ಕೆಲಸಕ್ಕೆ ಯಾರೂ ನನ್ನಿಂದ ಅಳತೆ ಹಾಕಿಸಿರಲಿಲ್ಲ.

ಅದಾದ ಮೇಲಿನ ಎರಡು ತಿಂಗಳನ್ನು ನೆನೆದರೆ ನನಗೆ ಈಗಲೂ ನಾಚಿಕೆ. ರೋಣದಲ್ಲಿ ಹತ್ತಕ್ಕೆ ಆರು ಹೊಡೆಯುತ್ತಿದ್ದವರು ಸ್ವಂತ ಹೊಲದಲ್ಲಿ ಒಂದೂ ಹೊಡೆಯಲಿಲ್ಲ. ಕೋಲು ಚೆಂಡಿಗಿಂತ ಮೊದಲು ಮಣ್ಣಿಗೆ ಬಡಿಯುತ್ತಿತ್ತು, ಹೆಂಟೆ ಹಾರುತ್ತಿತ್ತು, ಚೆಂಡು ಎಡಕ್ಕೆ ತಿರುಗಿ ಜಾಲಿಯೊಳಗೆ ಬೀಳುತ್ತಿತ್ತು. "ನಾ ಏನ ಬಿತ್ತಾಕ ಬಂದೇನೇನ್ರಿ?" ಎಂದು ನೀವೇ ಕೇಳಿದಿರಿ. ನಾನು ಬಗ್ಗಬೇಡಿ ಅಂದೆ, ಹೆಗಲು ಬಿಗಿ ಮಾಡಬೇಡಿ ಅಂದೆ, ಉಸಿರು ಬಿಡಿ ಅಂದೆ. ಬುಧವಾರ ಬುಧವಾರ ಸ್ಕೂಟರ್ ಮೇಲೆ ಬಂದು ಅದನ್ನೇ ಒದರಿದೆ. ಆಚೆ ದಂಡೆಯಲ್ಲಿ ನಿಮ್ಮ ತಮ್ಮ ಕೆಲಸ ಮಾಡುತ್ತ ಒಂದೊಂದು ಸಲ ಸೊಂಟ ನೆಟ್ಟಗೆ ಮಾಡಿ ಈ ಕಡೆ ನೋಡುತ್ತಿದ್ದರು. ಆಗಂತೂ ನಿಮ್ಮ ಕೋಲು ಇನ್ನೂ ಕೆಳಗೆ ಇಳಿಯುತ್ತಿತ್ತು, ಅಥವಾ ನನಗೆ ಹಾಗೆ ಕಂಡಿತು.

ಸಂಕ್ರಾಂತಿಯ ಹಿಂದಿನ ಬುಧವಾರ ನನ್ನ ತಾಳ್ಮೆ ಹೋಯಿತು.

"ನಿಮ್ಮ ಕಣ್ಣ ಚೆಂಡಿನ ಮ್ಯಾಲಿಲ್ಲ ಕಾಕಾ, ತಮ್ಮನ ಹೊಲದ ಮ್ಯಾಲೈತಿ," ಎಂದೆ.

"ನಮ್ಮ ಮನಿ ಮಾತ ನಿಮಗ ಬ್ಯಾಡ ಅಕ್ಕೋರ. ಕೋಲ ಸರಿ ಇಲ್ಲ."

ನಾನು ಅಳೆದ ಕೋಲು. ನನಗೆ ಸಿಟ್ಟು ನೆತ್ತಿಗೇರಿತು. "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ," ಎಂದುಬಿಟ್ಟೆ. ಕೋಲನ್ನು ಬೇವಿನ ಬೊಡ್ಡೆಗೆ ಒರಗಿಸಿ ಹಳ್ಳದ ಕಡೆ ಮುಖ ಮಾಡಿ ಕುಳಿತಿರಿ. ತಂದೆಯ ವಯಸ್ಸಿನವರಿಗೆ ಹೀಗಂದೆನಲ್ಲ ಎಂದು ಅನ್ನಿಸಿತು, ಆದರೂ ಬಾಯಿ ಸೋಲಲಿಲ್ಲ. ಚೀಲ ಎತ್ತಿಕೊಂಡು ಹೊರಟೆ.

ಬದುವಿನ ಮೇಲೆ ಕುಳಿತು ನನ್ನ ಬೂಟು ಹಾಕಿಕೊಳ್ಳುವಾಗ ಪಕ್ಕದಲ್ಲಿ ನಿಮ್ಮ ಬೂಟು ಕಂಡಿತು. ಗಜೇಂದ್ರಗಡದ ದಪ್ಪ ಅಟ್ಟೆಯ ಬೂಟು, ಒಂದರ ಪಕ್ಕ ಒಂದು ನೀಟಾಗಿ ಇಟ್ಟದ್ದು. ನಾನು ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತೆನೋ. ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಹೊಲದೊಳಗೆ ಹೋಗುವವರು ಯಾರು ನಮ್ಮಲ್ಲಿ? ನೀವು ಬದುವಿನ ಮೇಲೆ ಬೂಟು ಬಿಟ್ಟು ಇಳಿಯುತ್ತಿದ್ದಿರಿ, ನಿಮ್ಮ ಹಿಂದೆ ನಾನೂ ಬಿಟ್ಟು ಇಳಿಯುತ್ತಿದ್ದೆ. ಎರಡು ತಿಂಗಳು. ನನ್ನ ಕಾಲಿಗೆ ಅದು ಎಷ್ಟು ರೂಢಿಯೆಂದರೆ ಕಣ್ಣಿಗೆ ಬೀಳಲೇ ಇಲ್ಲ. ಬೂಟಿನ ಅಳತೆಗೆ ಕತ್ತರಿಸಿದ ಕೋಲನ್ನು ಬರಿಗಾಲಿನ ಮನುಷ್ಯನ ಕೈಗೆ ಕೊಟ್ಟು, ಅಟ್ಟೆಯ ದಪ್ಪದಷ್ಟು ಕೋಲು ಮಣ್ಣಿಗೆ ಇಳಿದರೆ ಅವನ ಮನಸ್ಸಿನ ತಪ್ಪು ಹುಡುಕಿದೆ. ಪುಣೆಯವರಿಗೆ ಈ ತಪ್ಪು ಆಗುತ್ತಿರಲಿಲ್ಲ ಬಿಡಿ, ಅವರು ಬೂಟು ಬಿಚ್ಚುತ್ತಲೇ ಇರಲಿಲ್ಲ.

ಓಡಿಕೊಂಡು ವಾಪಸು ಬಂದೆ. "ಕಾಕಾ, ನೆಲಾ ಖರೇನ ಡೊಂಕ ಐತ್ರಿ," ಎಂದೆ. ಬೂಟು ತಂದು ಕಾಲ ಬಳಿ ಇಟ್ಟು ಹಾಕಿಕೊಳ್ಳಿ, ಈಗ ಹೊಡೆಯಿರಿ ಎಂದೆ. ನೀವು ಬೂಟಿನಿಂದ ಕಾಲು ದೂರ ಸರಿಸಿದಿರಿ.

"ತಾಯಿ ಎದಿ ಮ್ಯಾಲೆ ಬೂಟ ಹಾಕ್ಕೊಂಡ ನಿಂದ್ರಲೇನ್ರಿ?"

ಕೋಲನ್ನು ಸ್ಕೂಟರಿಗೆ ಕಟ್ಟಿಕೊಂಡು ಹೋಗಿ, ಬೂಟಿನ ಅಟ್ಟೆಗೆ ಟೇಪು ಹಿಡಿದು, ಅಷ್ಟನ್ನು ಕೋಲಿನ ಮೇಲ್ತುದಿಯಿಂದ ಕೊಯ್ದು ತೆಗೆದೆ. ಚೆಂಡಿಗೆ ತಾಗುವ ತಲೆಯನ್ನೂ ಕೊಂಚ ಬಾಗಿಸಿ ಕೂರಿಸಿದೆ. ಮನುಷ್ಯನಿಗೆ ತಕ್ಕಂತೆ ಕೋಲು ಮಾಡಬೇಕು ಎಂದು ಕಲಿತಿದ್ದೆ. ಆ ಮನುಷ್ಯ ನಿಲ್ಲುವ ನೆಲಕ್ಕೂ ತಕ್ಕಂತೆ ಮಾಡಬೇಕು ಎಂದು ಅಸೂಟಿಯಲ್ಲಿ ಕಲಿತೆ. ಕೊಯ್ದ ಆ ತುಂಡನ್ನು ಯಾಕೋ ಎಸೆಯಲು ಮನಸ್ಸಾಗದೆ ಮೇಜಿನ ಖಾನೆಯಲ್ಲಿ ಹಾಕಿದೆ.

ಸಂಕ್ರಾಂತಿ ಆದ ಮೇಲಿನ ಬುಧವಾರ. ಬಿಸಿಲು ಆಗಷ್ಟೇ ಏರುತ್ತಿತ್ತು. ಮೂರನೆಯ ಚೆಂಡಿಗೆ ಕೋಲು ತಾಗಿದ ಸಪ್ಪಳ ಕೇಳಿಯೇ ನನಗೆ ಗೊತ್ತಾಯಿತು, ಇದು ಬೇರೆ. ನಿಮ್ಮ ಕೈಗೂ ಗೊತ್ತಾಯಿತು, ಅಲ್ಲವೇ? ಕೋಲು ಹೆಗಲ ಮೇಲೆ ಹಾಗೆಯೇ ನಿಂತಿತು. ಕಣ್ಣಿನ ಪೊರೆಯಿಂದಾಗಿ ನಿಮಗೆ ಚೆಂಡು ಹೋದದ್ದು ಕಾಣಲಿಲ್ಲ. ನನ್ನ ತೋಳು ಹಿಡಿದುಕೊಂಡಿರಿ.

"ದಾಟ್ತೇನ್ರಿ?"

"ದಾಟಿತ್ರಿ ಕಾಕಾ."

"ಖರೇನ? ಮಾಸ್ತರ ಮಂದಿ ಮನಸ್ಸ ನೋಯಬಾರದಂತ ಸುಳ್ಳ ಹೇಳ್ತೀರಿ."

"ನಾ ಹೇಳೂದಿಲ್ರಿ."

"ಹಂಗಾರ ಮುಟ್ಟಿರತೈತಿ ಅಂವಗ," ಎಂದು ನೀವು ಬೇವಿನ ಕೆಳಗೆ ಕುಳಿತು ಎರಡು ರೊಟ್ಟಿ ಹೆಚ್ಚು ಉಂಡಿರಿ. ಕಾಕು ನನ್ನ ಮುಖ ನೋಡಿದರು, ನಾನು ರೊಟ್ಟಿ ನೋಡಿದೆ.

ಕಾಕಾ, ಆ ಮಾತನ್ನೇ ನಾನು ಸರಿಪಡಿಸಬೇಕಾಗಿರುವುದು. ಚೆಂಡು ಏರಿದ್ದನ್ನು ನೋಡಿದೆ, ಹಳ್ಳದ ನಡುವಿನ ತನಕ ನೋಡಿದೆ. ಆಮೇಲೆ ಅದು ಸೂರ್ಯನೊಳಗೆ ಹೋಯಿತು. ನನ್ನ ಕಣ್ಣು ಕತ್ತಲಿಟ್ಟಿತು. ಬಿದ್ದ ಸಪ್ಪಳವೂ ಕೇಳಲಿಲ್ಲ. ನೋಡಿದ್ದು ಅರ್ಧ, ಹೇಳಿದ್ದು ಪೂರ್ತಿ. ಆಚೆ ಹೋಗಿ ನೋಡಿ ಬರುತ್ತೇನೆ, ಬೇಕಾದರೆ ಅವರನ್ನೇ ಕೇಳುತ್ತೇನೆ ಎಂದರೆ ನೀವು ಬಿಡಲಿಲ್ಲ. "ಕೇಳಬ್ಯಾಡ್ರಿ. ನೀವ ಕೇಳಿದ್ರ ನಾ ಕೇಳಿಸಿದಂಗ ಆಗ್ತೈತಿ. ಅಂವ ತಾನ ತಿಳಕೋಬೇಕು." ಅದಾಗಿ ಹದಿನಾರನೆಯ ದಿನ, ಮಧ್ಯಾಹ್ನದ ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದವರು ನೀವು ಏಳಲಿಲ್ಲ. ನನಗೆ ಸುದ್ದಿ ಬಂದಾಗ ಮೊದಲು ಅಳು ಬರಲಿಲ್ಲ. ಸುಳ್ಳು ಹೇಳಿ ಕಳಿಸಿದೆನೇ, ಎಂಬುದೇ ಮೊದಲು ಬಂದದ್ದು.

ಬೇವಿನ ಮರದ ಕೆಳಗೆ ನಿಮ್ಮನ್ನು ಮಣ್ಣು ಮಾಡುವಾಗ ಊರಿಗೆ ಊರೇ ನಿಂತಿತ್ತು. ನಿಮ್ಮ ತಮ್ಮ ಮಾತ್ರ ಆಚೆ ದಂಡೆಯಲ್ಲಿ, ತಲೆಯ ಪಟಕಾ ಕೈಯಲ್ಲಿ ಹಿಡಿದು, ಕುಸುಬಿಯ ಅಂಚಿಗೆ ಬರಿಗಾಲಲ್ಲಿ ನಿಂತಿದ್ದರು. ಎಲ್ಲರೂ ಹಿಡಿ ಮಣ್ಣು ಹಾಕಿದರು. ಅವರೂ ಒಂದು ಹಿಡಿ ತೆಗೆದು ಈ ಕಡೆ ಎಸೆದರು, ಅದು ಹಳ್ಳದ ಅರ್ಧಕ್ಕೂ ಮುಟ್ಟಲಿಲ್ಲ. "ಅಣ್ಣ ಸತ್ರೂ ಬರಲಿಲ್ಲ ನೋಡ್ರಿ," ಎಂದು ಮಂದಿ ಆಡಿಕೊಂಡರು. ನಾನೂ ಅವರಲ್ಲಿ ಒಬ್ಬಳು. ಎಂಥ ಕಲ್ಲು ಮನುಷ್ಯ ಎಂದು ಕಾಕು ಮುಂದೆಯೇ ಅಂದೆ.

ನೀವು ಹೋದ ಎರಡನೇ ತಿಂಗಳು ನಿಮ್ಮ ತಮ್ಮ ಶಂಕರಗೌಡರು ನನ್ನ ಬಯಲಿಗೆ ಬಂದರು. ಗೇಟಿನ ಹೊರಗೆ ಅದೇ ನೀವು ನಿಂತ ಜಾಗ, ನಿಮಗಿಂತ ಎತ್ತರದ ಆಳು. ನಾನು ಕೂರಿ ಎನ್ನಲಿಲ್ಲ. "ಮಣ್ಣ ಕೊಡಾಕ ಬರಲಿಲ್ಲ, ಇಲ್ಲಿಗ್ಯಾಕ ಬಂದ್ರಿ?" ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಅಂವನ ಹೊಲಕ್ಕ ಕಾಲ ಇಡೂದಿಲ್ಲ ಅಂತ ಆಣಿ ಮಾಡೇನ್ರಿ. ಬಾ ಅನ್ನಾಕ ಅಂವ ಎಲ್ಲದಾನ?" ಎಂದು ಅಂಗಿಯ ಜೇಬಿಗೆ ಕೈ ಹಾಕಿ ಒಂದು ಚೆಂಡು ತೆಗೆದರು. ನೀಲಿ ಮಸಿಯ 'ವೀ'. ಕುಸುಬಿಯ ಮುಳ್ಳಿಗೆ ಅಲ್ಲಲ್ಲಿ ಗೀರಿತ್ತು.

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

"ಕುಸುಬ್ಯಾಗ ಎಂಟ ಸಾಲ ಒಳಗ ಬಿದ್ದಿತ್ರಿ," ಎಂದರು. "ಮರುದಿನ ಸಿಕ್ತು. ಎರಡ ತಿಂಗಳಿಂದ ನೋಡಾಕ ಹತ್ತಿದ್ದೆ, ಅಣ್ಣಗ ಹುಚ್ಚ ಹಿಡದೈತಿ ಅಂತ ತಿಳಕೊಂಡಿದ್ದೆ. ಚೆಂಡ ಕೈಯಾಗ ಹಿಡದ ಮ್ಯಾಲೆ ತಿಳೀತು. ತಿರುಗಿ ಹ್ಯಾಂಗ ಕೊಡೂದು ಅಂತ ವಿಚಾರ ಮಾಡಕೋತ ಕುಂತೆ. ಕುಂತೆ, ಕುಂತೆ... ಅಷ್ಟರಾಗ ಅಂವ ಹ್ವಾದ."

ಚೆಂಡು ಜೇಬಿಗಿಟ್ಟು, ಇದನ್ನು ತಿರುಗಿ ಅಣ್ಣನ ಕಡೆ ಹೊಡೆಯುವುದನ್ನು ಕಲಿಸಿ ಎಂದರು. ಹಳ್ಳಕ್ಕಿಳಿದು ದಂಡೆ ಹತ್ತಿ ಎಸೆದರೂ ಮುಟ್ಟುತ್ತದಲ್ಲ ಎಂದೆ ನಾನು, ನನ್ನ ಕಣ್ಣು ಒರೆಸಿಕೊಳ್ಳುತ್ತ. ಅವರಿಗೆ ಅದು ಒಪ್ಪಲಿಲ್ಲ. "ಅಂವ ವರ್ಷಗಟ್ಲೆ ಕಲತು ಹೊಡದ ಕಳಿಸ್ಯಾನ. ನಾ ಒಗದು ಕೈ ತೊಳಕೊಳ್ಳಲೇನ್ರಿ?"

ನಿಮ್ಮ ಕೋಲು ತರಲು ನಾನೇ ಹೋದೆ. ಯಾರಿಗೆ ಎಂದು ಕಾಕು ಕೇಳಲಿಲ್ಲ. ಸೆರಗಿನಿಂದ ಹಿಡಿಕೆ ಒರೆಸಿ ಕೊಟ್ಟರು. "ಅಂವಗ ಗಿಡ್ಡ ಆಗ್ತೈತಿ ನೋಡವಾ, ನಮ್ಮ ಮೈದುನ ಎತ್ತರ ಅದಾನ," ಎಂದರು. ಈ ಸಲ ನಾನು ಶಂಕರಗೌಡರನ್ನು ಬರಿಗಾಲಲ್ಲಿ, ಮಣ್ಣಿನ ಮೇಲೆ ನಿಲ್ಲಿಸಿ ಅಳೆದೆ. ಖಾನೆಯಲ್ಲಿದ್ದ ನಿಮ್ಮ ಕೋಲಿನ ತುಂಡು ತೆಗೆದು, ಒಳಗೆ ಸರಳು ಕೊಟ್ಟು ಅದರ ಜಾಗಕ್ಕೇ ಕೂರಿಸಿದೆ. ಅದೂ ಸಾಲಲಿಲ್ಲ. ಮೇಲೆ ಅರ್ಧ ಬೆರಳು ಜಾಲಿಯ ಗೂಟ ಬಡಿದೆ. ಇಂಥ ಕೋಲನ್ನು ನನ್ನ ಗುರುಗಳು ನೋಡಿದರೆ ನನ್ನನ್ನು ಕಾರ್ಖಾನೆಯಿಂದ ಹೊರಗೆ ಹಾಕುತ್ತಾರೆ. ಶಿಷ್ಯನಂತೂ ನಿಮಗಿಂತ ಮಂದ, ನಿಮಗಿಂತ ಹಟಮಾರಿ. ಬೇಸಿಗೆಯಿಂದ ಶುರು ಮಾಡಿದವರು, ಸಾದಾ ಚೆಂಡುಗಳಲ್ಲಿ ಅಭ್ಯಾಸ ಮಾಡಿ ಎಷ್ಟನ್ನು ಜಾಲಿಯೊಳಗೆ ಹಾಕಿದರೋ ನಾನು ಎಣಿಸಲಿಲ್ಲ. ನಿಮ್ಮ ಚೆಂಡನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಹೋದ ಬುಧವಾರ ಅವರು ತಮ್ಮ ಹೊಲದ ಅಂಚಿನಲ್ಲಿ ಜೇಬಿನಿಂದ ಅದನ್ನು ತೆಗೆದು ನೆಲಕ್ಕಿಟ್ಟರು. ಬೇಡ, ಇನ್ನೊಂದು ತಿಂಗಳು ಹೋಗಲಿ ಎಂದೆ. "ಮೊದಲ ವಿಚಾರ ಮಾಡಿ ಮಾಡಿ ಹೊತ್ತ ಕಳದೇನ್ರಿ," ಎಂದರು. ಹೊಡೆದರು. ಈ ಸಲ ಸೂರ್ಯ ನನ್ನ ಬೆನ್ನಿಗಿದ್ದ, ನಾನು ಕಣ್ಣು ಮಿಟುಕಿಸಲಿಲ್ಲ. ಚೆಂಡು ಹಳ್ಳದ ಮೇಲೆ ಹೋಯಿತು, ಜಾಲಿಯ ತುದಿ ಸವರಿತು, ಆಚೆ ದಂಡೆಗೆ ಬಿತ್ತು, ಪುಟಿಯಿತು, ಉರುಳಿತು. ನಿಮ್ಮ ಮೇಲಿನ ಕಲ್ಲಿಗೆ ನಾಲ್ಕು ಮಾರು ಈಚೆ ನಿಂತಿತು. ಬೇವಿನ ಆಚೆ ಕಡಲೆ ಕೀಳುತ್ತಿದ್ದ ಕಾಕು ಎದ್ದು ನಿಂತರು.

ಶಂಕರಗೌಡರು ಅಲ್ಲಾಡಲಿಲ್ಲ. ಕೋಲು ಹೆಗಲ ಮೇಲೆ ಹಾಗೇ ಇತ್ತು, ನಿಮ್ಮದಿತ್ತಲ್ಲ ಅವತ್ತು, ಹಾಗೆ.

ಆಗ ಕಾಕು ಕರೆದರು ಕಾಕಾ. ಹಳ್ಳದ ಈಚೆಗೆ ಸ್ಪಷ್ಟ ಕೇಳಿತು. "ಮೈದುನಾ, ಈ ಹೊಲಾ ಈಗ ನಂದೈತಿ. ನಾ ಬಾ ಅಂತೀನಿ, ಬಾ."

ಅವರು ಬಂದರು. ಮುಳ್ಳಿಗೆಂದು ಚಪ್ಪಲಿ ಮೆಟ್ಟಿ ಹಳ್ಳ ಇಳಿದು, ನಿಮ್ಮ ಬದುವಿನ ಮೇಲೆ, ನೀವು ಬೂಟು ಬಿಡುತ್ತಿದ್ದ ಜಾಗದಲ್ಲೇ ಅವನ್ನು ಬಿಟ್ಟರು. ಅದು ನಿಮ್ಮ ಜಾಗ ಎಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಚೆಂಡು ಎತ್ತಿಕೊಂಡು ನಿಮ್ಮ ಪಕ್ಕ ನೆಲಕ್ಕೆ ಕುಳಿತರು. ಏನೋ ಮಾತಾಡಿದರು. ಏನು ಎಂದು ನನಗೆ ಕೇಳಲಿಲ್ಲ, ಕೇಳುವುದು ನನ್ನ ಕೆಲಸವೂ ಅಲ್ಲ. ಆಮೇಲೆ ನಾನೂ ಹಳ್ಳ ದಾಟಿ ಬಂದೆ, ಮೂವರೂ ಬೇವಿನ ಕೆಳಗೆ ರೊಟ್ಟಿ ಉಂಡೆವು. ಹಿಂಡಿಗೆ ಉಪ್ಪು ಕಡಿಮೆಯಾಗಿದೆ ಎಂದು ಮೈದುನ ಅಂದರು, ಹನ್ನೊಂದು ವರ್ಷ ಉಂಡಿಲ್ಲ, ನಾಲಗೆ ಮರೆತಿದೆ ಎಂದು ಕಾಕು ಅಂದರು. ಇಬ್ಬರೂ ನಕ್ಕರು. ನಿಮ್ಮ ಬೀಳು ಪಟ್ಟಿಯನ್ನು ಹಾಗೇ ಬಿಡಲು ಹೇಳಿದ್ದೇನೆ, ಬುಧವಾರ ಬುಧವಾರ ನಾನು ಬರುತ್ತೇನೆ, ಬೂಟು ಬದುವಿನ ಮೇಲೆ ಬಿಟ್ಟು.

ಅವತ್ತು ನೀವು ನನ್ನ ತೋಳು ಹಿಡಿದು ಕೇಳಿದ್ದಕ್ಕೆ ನಾನು ಕಾಣದೆಯೇ ಉತ್ತರ ಕೊಟ್ಟಿದ್ದೆ. ಈಗ ಕಂಡು ಹೇಳುತ್ತಿದ್ದೇನೆ. ಎಂಟು ಸಾಲು ಒಳಗೆ ಬಿದ್ದಿತ್ತು, ಮರುದಿನವೇ ಅವರ ಕೈಗೆ ಸಿಕ್ಕಿತ್ತು, ಯಾರು ಕಳಿಸಿದ್ದೆಂದು ಅವರಿಗೆ ತಿಳಿದಿತ್ತು.

ದಾಟಿತ್ರಿ, ಕಾಕಾ.

ನಿಮ್ಮ ಅಕ್ಕೋರ